ಸೊಂಗ್‌ಶಾನ್‌ನಿಂದ ನಾನ್‌ಗಾನ್‌ಗೆ ಐವತ್ತು ನಿಮಿಷ

ನಾನ್‌ಗಾನ್ ದ್ವೀಪ
2006 ಏಪ್ರಿಲ್ 9

ತಮ್ಮ ಚಿಂಗ್‌ಫುಗೆ,

ನೀನು ಎದ್ದು ಹೋದ ಮೇಲೆ ಶ್ಯಾವಿಗೆಯ ಬಟ್ಟಲು ಹಾಗೆಯೇ ಇತ್ತು. ಕೆಂಪು ಮದ್ಯ ಹಾಕಿ, ಎರಡು ಮೊಟ್ಟೆ ಇಟ್ಟು ಮಾಡಿದ್ದೆ. ನೀನು ಅವ್ವನ ಬೂದಿಯ ಕುಡಿಕೆಯನ್ನು ಊರ ಹೊರಗೆ ಸತ್ತವರ ಬೂದಿ ಇಡುವ ಗೋಪುರದಲ್ಲಿ ಇರಿಸಿ, ನನ್ನ ಮುಖ ನೋಡದೆ, ಬಂದ ಹಡಗಿನಲ್ಲೇ ಹಿಂತಿರುಗಿದೆ. ಹಡಗು ತಡವಾದರೆ ಮತ್ತೆ ಬರುತ್ತೀಯೇನೋ ಎಂದು ಸಂಜೆಯವರೆಗೂ ಬಟ್ಟಲನ್ನು ಮುಚ್ಚಿಟ್ಟಿದ್ದೆ.

ಫೋನ್ ಮಾಡಿದರೆ "ಹೂಂ" ಎನ್ನುತ್ತೀಯೆ, ಆಮೇಲೆ ಇಟ್ಟುಬಿಡುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನನ್ನು ದೂರುವುದಕ್ಕಲ್ಲ, ಕೇಳಬೇಕಾದದ್ದು ಒಂದೇ ಒಂದು ಇದೆ.

ತಾಯ್‌ಪೇಯ ವೈದ್ಯರು ಕೈಬಿಟ್ಟ ಮೇಲೆ, ಉಸಿರಿರುವಾಗಲೇ ಅವ್ವನನ್ನು ಮನೆಗೆ ತರಬೇಕೆಂದು ನಾವಿಬ್ಬರೂ ಸೇರಿಯೇ ನಿಶ್ಚಯಿಸಿದ್ದು. ತಣ್ಣಗಾದ ದೇಹ ನಮ್ಮೂರ ಬಾಗಿಲು ದಾಟುವ ಹಾಗಿಲ್ಲ. ಅವ್ವನಿಗೂ ಅದೇ ಭಯವಿತ್ತು. ಅಲ್ಲಿನ ಸೊಂಗ್‌ಶಾನ್ ವಿಮಾನ ನಿಲ್ದಾಣದಿಂದ ಇಲ್ಲಿಗೆ ಇನ್ನೂರು ಕಿಲೋಮೀಟರ್, ಐವತ್ತು ನಿಮಿಷ. ಅಷ್ಟು ಉಸಿರು ಅವಳಲ್ಲಿ ಉಳಿದಿತ್ತು. ನಾನು ಮಂಚಕ್ಕೆ ಹೊಸ ಹಾಸಿಗೆ ಹಾಸಿ ವಿಮಾನದ ಓಡುಹಾದಿಯ ಬೇಲಿಯ ಬಳಿ ನಿಂತಿದ್ದೆ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶಕ್ಕೆ ಮಂಜು ಕವಿಯಿತು. ಮಂಜಿನ ಮೇಲೆ ವಿಮಾನದ ಸದ್ದು ಬಂತು, ಸುತ್ತಿತು, ಮತ್ತೆ ಸುತ್ತಿತು, ಹೊರಟುಹೋಯಿತು. ಮಾರನೆಯ ದಿನ ಫೋನಿನಲ್ಲಿ ನೀನು ಹೇಳಿದ್ದು ಇಷ್ಟೇ: "ಮೇಲೆ ಸುತ್ತುವಾಗ್ಲೇ ಹೋದ್ಲು ಅಕ್ಕ. ನಮ್ಮೂರ ಮೇಲೇ ಹೋದ್ಲು."

ಈಗ ಅವಳ ಆತ್ಮವನ್ನು ಮನೆಗೆ ಕರೆಯಬೇಕು. ಸತ್ತವರ ಕಾರ್ಯ ಮಾಡಿಸುವ ಯಿಗುವಾನ್ ಅಜ್ಜ ತಲೆ ಕೆರೆದುಕೊಂಡ. "ಉಸಿರು ಎಲ್ಲಿ ಬಿಡ್ತೋ ಅಲ್ಲೇ ನಿಂತು ಕರೀಬೇಕು ಕಣಮ್ಮ. ಆಸ್ಪತ್ರೆ ಆದ್ರೆ ಆಸ್ಪತ್ರೆ, ದೋಣಿ ಆದ್ರೆ ನೀರಂಚು. ನೀನು ಆಕಾಶ ಅಂತೀಯ. ಆಕಾಶದಲ್ಲಿ ನಿನ್ನನ್ನ ಎಲ್ಲಿ ನಿಲ್ಲಿಸ್ಲಿ?" ಕೊನೆಗೆ ಓಡುಹಾದಿಯ ಮೇಲಿನ ಗುಡ್ಡ ಎಂದಾಯಿತು. ಅವ್ವನ ನೀಲಿ ರವಿಕೆ, ಅವಳನ್ನು ನೆರಳಲ್ಲಿ ಕರೆತರಲು ಕಪ್ಪು ಛತ್ರಿ ಹಿಡಿದು ಹತ್ತಿದೆ. ಗಂಟಲು ಹರಿಯುವ ಹಾಗೆ ಕರೆದು, ಪ್ರಶ್ನೆಯ ಜೋಡಿ ಕಟ್ಟಿಗೆಗಳನ್ನು ನೆಲಕ್ಕೆ ಹಾಕಿದೆ: "ಅವ್ವಾ, ಮನೆಗೆ ಬರ್ತೀಯಾ?"

ಚಿಕ್ಕಂದಿನಲ್ಲಿ ಅವ್ವ ಹೇಳಿಕೊಟ್ಟದ್ದು ನಿನಗೂ ನೆನಪಿರಬೇಕು. ಒಂದು ಅಂಗಾತ ಒಂದು ಕವುಚಿ ಬಿದ್ದರೆ ಹೌದು. ಎರಡೂ ಕವುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದರೆ, ಕೇಳಿಸಿಕೊಂಡವರು ನಗುತ್ತಿದ್ದಾರೆ ಎಂದು. ಎಷ್ಟು ಸಲ ಹಾಕಿದರೂ ಎರಡೂ ಅಂಗಾತ. ಅವ್ವ ನಗುತ್ತಾಳೆ. ಅವಳು ಏಕೆ ನಗುತ್ತಾಳೆ, ಚಿಂಗ್‌ಫು? ಮನೆಗೆ ಬಾ ಎಂದರೆ ಅದರಲ್ಲಿ ನಗುವಂಥದ್ದು ಏನಿದೆ?

ನಾನು ನಿಂತ ಜಾಗ ತಪ್ಪಿರಬೇಕು. ವಿಮಾನ ಹತ್ತಿದಾಗಿನಿಂದ ಯಾವ ಹೊತ್ತಿಗೆ ಉಸಿರು ನಿಂತಿತು ಎಂದು ಬರೆ. ಮೊದಲ ಸುತ್ತಿನಲ್ಲೋ, ವಿಮಾನ ತಿರುಗಿದ ಮೇಲೋ? ವರ್ಷದ ದಿನ ಅವಳ ಧೂಪದ ಬೂದಿಯನ್ನು ಹಿರಿಯರ ಕುಂಡಕ್ಕೆ ಬೆರೆಸಬೇಕು. ಅಷ್ಟರೊಳಗೆ ಅವಳು ಬರದಿದ್ದರೆ ಯಾವ ಮನೆಗೂ ಸೇರದವಳಾಗಿ ಉಳಿಯುತ್ತಾಳೆ.

ನಿನ್ನ ಅಕ್ಕ
ಮೂದಾನ್

*

ಬಾದೆ, ತಾವ್‌ಯುವಾನ್
2006 ಏಪ್ರಿಲ್ 28

ಅಕ್ಕ,

ಕಾಗದ ಮೊನ್ನೆ ಬಂತು. ನಿಮ್ಮಲ್ಲಿ ಮಂಜು ಎಂದು ಟೀವಿಯಲ್ಲಿ ದಿನವೂ ಹೇಳುತ್ತಾರೆ. ಟಪಾಲು ತರುವುದೂ ಅದೇ ವಿಮಾನವಲ್ಲವೇ, ಅದಕ್ಕೆ ತಡವಾಗಿದೆ.

ಹೇಳಿದ್ದೇನಲ್ಲ, ಊರ ಮೇಲೆ ಹೋದಳು. ಅವ್ವ ಸಾಯುತ್ತಿರುವಾಗ ಮಗ ಕೈಗಡಿಯಾರ ನೋಡುತ್ತಾ ಕೂತಿದ್ದ ಎಂದುಕೊಂಡೆಯಾ? ಕಿಟಕಿಯ ಹೊರಗೆ ಬಿಳಿ, ಒಳಗೆ ಅವ್ವ. ನನಗೆ ತಿಳಿದದ್ದು ಅಷ್ಟೇ.

ಯಿಗುವಾನ್ ಅಜ್ಜನ ಕಟ್ಟಿಗೆ ಸವೆದು ಹೋಗಿರಬೇಕು. ಬೇರೆ ಜೋಡಿ ತರಲು ಹೇಳು. ಶ್ಯಾವಿಗೆ ತಿನ್ನದೆ ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಆ ದಿನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಇದೆ.

ಚಿಂಗ್‌ಫು

*

ನಾನ್‌ಗಾನ್
2006 ಮೇ 17

ತಮ್ಮನಿಗೆ,

ಹೊಸ ಜೋಡಿ ತಂದೆವು. ಬಿದಿರಿನ ಬೇರಿನದು, ಮಾಜು ತಾಯಿಯ ಗುಡಿಯಲ್ಲಿ ಇಟ್ಟು ತಂದದ್ದು. ಆಗಲೂ ಅವ್ವ ನಕ್ಕಳು.

ಗೋಡೆಯ ಕ್ಯಾಲೆಂಡರಿನಲ್ಲಿ ಸಮುದ್ರದ ನಕ್ಷೆ ಇದೆ. ಸೊಂಗ್‌ಶಾನ್‌ಗೆ ಒಂದು ಸೂಜಿ, ನಮಗೆ ಒಂದು ಸೂಜಿ ಚುಚ್ಚಿ ನಡುವೆ ದಾರ ಕಟ್ಟಿದ್ದೇನೆ. ರೊಟ್ಟಿ ಬೇಯುವ ತನಕ ಆ ದಾರವನ್ನು ನೋಡುತ್ತಿರುತ್ತೇನೆ. ಗೇಣಿಗಿಂತ ಚಿಕ್ಕದು. ಇದರ ಮೇಲೆ ಎಲ್ಲಿ ಬಿಟ್ಟೆ ಅವಳನ್ನು? ಮೊನ್ನೆ ಹಾಗೆ ನೋಡುತ್ತಾ ಒಂದು ಒಲೆ ರೊಟ್ಟಿ ಸೀದುಹೋಯಿತು. ಅವಕ್ಕೆ ನಡುವೆ ದಾರ ಪೋಣಿಸುವ ತೂತು ಮಾಡುವುದೂ ಮರೆತಿದ್ದೆ. ಕೊಳ್ಳಲು ಬಂದವರು ನಕ್ಕರು.

ಇನ್ನೊಂದು ವಿಷಯ. ಒಣಮೀನು ಮಾರುವ ಸ್ಯೂಚಿನ್ ಇಲ್ಲವೇ, ಅವಳು ಆ ದಿನ ನಿಮ್ಮದೇ ವಿಮಾನದಲ್ಲಿ ಹಿಂದಿನ ಸಾಲಿನಲ್ಲಿದ್ದಳಂತೆ. ಆ ದಿನ ಊರು ಮುಟ್ಟಲಾಗದೆ ಮಗಳ ಮನೆಗೇ ಹಿಂತಿರುಗಿ, ಬಾಣಂತನ ಮುಗಿಸಿಕೊಂಡು ಈಗ ಬಂದಿದ್ದಾಳೆ. ಸಂತೆಯಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಹೇಳಿದಳು: "ಪಾಪ, ಸೊಂಗ್‌ಶಾನ್‌ನಲ್ಲಿ ಗಾಲಿಕುರ್ಚಿ ತಳ್ಕೊಂಡು ನಿನ್ನ ತಮ್ಮ ಹೋಗ್ತಿದ್ದಾಗ ಅಜ್ಜಿ ತುಟಿ ಅಲ್ಲಾಡ್ತಿತ್ತು ಕಣೇ. ಏನೋ ಕೇಳ್ತಿದ್ರು. ನಾನು ನೀರಿರ್ಬೇಕು ಅಂದ್ಕೊಂಡೆ."

ನಾನು ಅಂದೆ, "ಯಾವ ಸೊಂಗ್‌ಶಾನ್? ಹೋಗುವಾಗಲಾ?"

"ಹೋಗುವಾಗ ಅಲ್ಲ ಮಾರಾಯ್ತಿ, ವಾಪಸ್ ಬಂದ್ಮೇಲೆ. ಇಳಿದ್ಮೇಲೆ."

ಸ್ಯೂಚಿನ್‌ಗೆ ಕಣ್ಣು ಮಂದ. ನಿನ್ನ ಮಾತನ್ನೇ ನಂಬುತ್ತೇನೆ. ಆದರೆ ಒಂದು ಸಲ ನೀನು ಬರೆದು ಹೇಳಿಬಿಡು, ಅವಳು ಕಂಡದ್ದು ಸುಳ್ಳು ಎಂದು.

ಅಕ್ಕ
ಮೂದಾನ್

*

ನಾನ್‌ಗಾನ್
2006 ಜುಲೈ 3

ಚಿಂಗ್‌ಫು,

ನೂರನೆಯ ದಿನ ಕಳೆಯಿತು. ನೀನು ಬರೆಯಲಿಲ್ಲ.

ಮಂಜಿನ ಕಾಲ ಮುಗಿದಿದೆ. ಆಕಾಶ ತೊಳೆದ ಹಾಗಿದೆ. ಎಲ್ಲ ವಿಮಾನಗಳೂ ಹೊತ್ತಿಗೆ ಸರಿಯಾಗಿ ಬರುತ್ತವೆ, ಇಳಿಯುತ್ತವೆ, ಹೋಗುತ್ತವೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈಗ ಯಾರಿಗೆ ಬೇಕಾಗಿತ್ತು? ಸದ್ದು ಕೇಳಿದರೆ ಸಾಕು, ಕೈಯ ಹಿಟ್ಟು ತೊಳೆಯದೆ ಅಂಗಳಕ್ಕೆ ಓಡುತ್ತೇನೆ. ಬಂದವರೆಲ್ಲ ಇಳಿಯುವ ತನಕ ಕಾಯುತ್ತೇನೆ, ಆಮೇಲೆ ಒಳಗೆ ಬಂದು ಹಿಟ್ಟು ನಾದುತ್ತೇನೆ. ಪಕ್ಕದ ಮನೆಯವರು ನನ್ನನ್ನು ಏನೆಂದುಕೊಂಡರೂ ಸರಿ.

ನಿನ್ನೆ ಗುಡ್ಡದ ಮೇಲೆ ಮತ್ತೆ ಕೇಳಿದೆ. ಮತ್ತೆ ನಗು. ಯಿಗುವಾನ್ ಅಜ್ಜ ಕಟ್ಟಿಗೆ ಎತ್ತಿಕೊಂಡು, "ಸಿಟ್ಟಾದ್ರೆ ಇಲ್ಲ ಅಂತ ಬರ್ಬೇಕಿತ್ತು. ಇವ್ಳು ಸಿಟ್ಟಾಗಿಲ್ಲ. ನಿನ್ ಪ್ರಶ್ನೇನೇ ಅವ್ಳಿಗೆ ತಮಾಷೆ ಆಗಿದೆ. ಯಾಕೆ ಅಂತ ಗೊತ್ತಿರೋನು ಒಬ್ಬನೇ," ಎಂದ. ಹೆಸರು ಹೇಳಲಿಲ್ಲ.

ಮೂದಾನ್

*

ಬಾದೆ, ತಾವ್‌ಯುವಾನ್
2006 ಆಗಸ್ಟ್ 20

ಅಕ್ಕ,

ಇದು ಪ್ರೇತಗಳ ತಿಂಗಳು. ಕಾರ್ಖಾನೆಯ ಗೇಟಿನ ಮುಂದೆ ಮೇಜು ಹಾಕಿ, ದಿಕ್ಕಿಲ್ಲದವರಿಗೆಂದು ಹಂದಿಮಾಂಸ, ಹಣ್ಣು, ಬಿಯರ್ ಇಟ್ಟಿದ್ದರು. ಮೇಸ್ತ್ರಿ ನನ್ನ ಕೈಗೆ ಧೂಪ ಕೊಟ್ಟು, "ನೀನು ದ್ವೀಪದೋನು, ನಿಮ್ಮೋರಿಗೂ ಒಂದು ಕಡ್ಡಿ ಹಚ್ಚಪ್ಪ," ಎಂದ. ದಿಕ್ಕಿಲ್ಲದವರ ಮೇಜಿಗೆ ನಮ್ಮ ಅವ್ವನ ಹೆಸರಿನಲ್ಲಿ ಹಚ್ಚಲೇ? ಕಡ್ಡಿಯನ್ನು ಅವನ ಕೈಗೇ ಕೊಟ್ಟು ಬಂದೆ. ಅಂದಿನಿಂದ ನಿದ್ದೆ ಇಲ್ಲ.

ಸ್ಯೂಚಿನ್ ಕಣ್ಣು ಮಂದವಲ್ಲ.

ವಿಮಾನ ಊರ ಮೇಲೆ ಎರಡು ಸಲ ಇಳಿಯಲು ನೋಡಿತು. ಆಮೇಲೆ ಹಿಂತಿರುಗುತ್ತೇವೆ ಎಂದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು, ಆಮ್ಲಜನಕದ ಚೀಲ ನನ್ನ ತೊಡೆಯ ಮೇಲಿತ್ತು. ಗಾಲಿ ನೆಲಕ್ಕೆ ತಾಗಿ ದಡ್ ಎಂದಾಗ ಕಣ್ಣು ಬಿಟ್ಟು ಕೇಳಿದಳು, "ಬಂದ್ವಾ?"

ನಾನು ಹೇಳಿದೆ, "ಬಂದ್ವಿ ಅವ್ವ."

ಮುಂದಿನ ವಿಮಾನಕ್ಕೆ ಕಾಯುವವರ ಸರದಿಯಲ್ಲಿ ನಂಬರು ತೆಗೆದುಕೊಂಡೆ. ಪ್ರಯಾಣಿಕರ ಹಾಲ್‌ನಲ್ಲಿ, ಕಂಬದ ಪಕ್ಕದ ಕೊನೆಯ ಕುರ್ಚಿಗೆ ಅವಳನ್ನು ಇಳಿಸಿ ಒರಗಿಸಿಕೊಂಡು ಕೂತೆ. ವಾಪಸಾದವರೆಲ್ಲ ಸುತ್ತ ಕೂತು ನಮ್ಮ ಮಾತಿನಲ್ಲೇ ಮಂಜನ್ನು ಬೈಯುತ್ತಿದ್ದರು. ಯಾರೋ ಮದ್ಯದ ಗಷ್ಟು ಹಚ್ಚಿದ ಮೀನಿನ ಡಬ್ಬಿ ತೆಗೆದರು. ಯಾರೋ ಮೊಮ್ಮಗನಿಗೆ ಗದರಿದರು. ಅವ್ವ ಕೇಳಿಸಿಕೊಂಡಳು. ಅವಳ ಮುಖ ಬಿಚ್ಚಿಕೊಂಡಿತು, ಅಕ್ಕ. "ಇಷ್ಟೊಂದ್ ಜನ ಬಂದಿದಾರೆ. ಊಟಕ್ಕೆ ಹಾಕ್ರೋ," ಎಂದಳು. ಆಮೇಲೆ, "ಮೂದಾನ್ ಎಲ್ಲಿ?"

ನಾನು, "ಒಲೆ ಹತ್ರ ಇದಾಳೆ. ಬರ್ತಾಳೆ," ಎಂದೆ.

"ಸರಿ, ಕಾಯ್ತೀನಿ," ಎಂದಳು. ಅದಾದ ಮೇಲೆ ಇನ್ನೊಂದು ಉಸಿರು ಬರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದು. ದಾರದ ಮೇಲೆ ಎಲ್ಲಿಯೂ ಅಲ್ಲ. ಹೊರಟ ಜಾಗದಲ್ಲೇ. ಅಷ್ಟು ಹತ್ತಿರ ಬಂದಿದ್ದಳು ಎಂದಾದರೂ ನಿನಗಿರಲಿ ಎಂದು ಊರ ಮೇಲೆ ಎಂದಿದ್ದೆ.

ಚಿಂಗ್‌ಫು

*

ನಾನ್‌ಗಾನ್
2006 ಸೆಪ್ಟೆಂಬರ್ 14

ತಮ್ಮ,

ನಿನ್ನ ಕಾಗದ ಓದಿ ಒಲೆಯ ಮುಂದೆ ಕೂತೆ. ಆ ದಿನ ರೊಟ್ಟಿ ಹಾಕಲಿಲ್ಲ.

ಈಗ ತಿಳಿಯಿತು ಅವಳು ಏಕೆ ನಕ್ಕಳೆಂದು. ಮನೆಯಲ್ಲಿ ಕೂತವಳನ್ನು ಮನೆಗೆ ಬಾ ಎಂದು ಕರೆದರೆ ನಗದೆ ಏನು ಮಾಡುತ್ತಾಳೆ? ಅವ್ವ ದಾರಿ ತಪ್ಪಿಲ್ಲ. ತಾನು ಮುಟ್ಟಿದ್ದೇನೆ ಎಂದುಕೊಂಡಿದ್ದಾಳೆ. ಅಲ್ಲಿ ಆ ಕುರ್ಚಿಯ ಮೇಲೆ ಕೂತು, ನಾನು ಒಲೆಯ ಹತ್ತಿರದಿಂದ ಬರಲಿ ಎಂದು ಕಾಯುತ್ತಿದ್ದಾಳೆ.

ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಬಂತು. ಯಿಗುವಾನ್ ಅಜ್ಜನ ಮನೆಗೆ ಹೋಗಿ ಕೂಗಾಡಿದೆ. ಆತ ಚಹಾ ಬಗ್ಗಿಸುತ್ತಾ ಎಲ್ಲ ಕೇಳಿಸಿಕೊಂಡು, "ನಂದು ನಲವತ್ ವರ್ಷದ ಕಸುಬು. ದಾರಿ ತಪ್ಪಿದೋರನ್ನ ಕರ್ದಿದೀನಿ, ಮುನಿಸ್ಕೊಂಡೋರನ್ನ ಕರ್ದಿದೀನಿ. ಬಂದಾಗಿದೆ ಅಂತ ಕೂತೋರನ್ನ ಎಬ್ಬಿಸಿಲ್ಲ," ಎಂದ. ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿ ತಾನೇ ಹೇಳಿದ: "ನಾನ್ ಹೋಗಿ ಹೇಳಿದ್ರೆ ನಂಬಲ್ಲ. ನೀನ್ ಹೇಳಿದ್ರೂ ನಂಬಲ್ಲ. ಬಂದ್ವಿ ಅಂದ ಬಾಯೇ ಬಂದಿಲ್ಲ ಅನ್ಬೇಕು."

ನೀನು ಹೇಳಬೇಕು, ಚಿಂಗ್‌ಫು. ಒಂದೇ ಮಾತು. ನಾನು ಹಡಗಿನಲ್ಲಿ ಬರುತ್ತೇನೆ, ಪಕ್ಕದಲ್ಲಿ ನಿಲ್ಲುತ್ತೇನೆ.

ಅಕ್ಕ
ಮೂದಾನ್

*

ಬಾದೆ
2006 ಅಕ್ಟೋಬರ್ 22

ಅಕ್ಕ,

ಆಗುವುದಿಲ್ಲ.

ನೀನು ಅವಳ ಮುಖ ನೋಡಿಲ್ಲ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಅವಳು ಕೇಳಿದ್ದು ಒಂದೇ, ಯಾವಾಗ ಹೋಗೋದು, ಯಾವಾಗ ಹೋಗೋದು. ನರ್ಸುಗಳಿಗೆ ಅವಳ ಮಾತು ಬರುತ್ತಿರಲಿಲ್ಲ, ಆದರೂ ಅದೊಂದು ಮಾತನ್ನು ಕಲಿತುಬಿಟ್ಟಿದ್ದರು. ಅಂಥವಳಿಗೆ ಕೊನೆಗೆ ಸಿಕ್ಕಿತು. ಈಗ ಹೋಗಿ, ಏಳು ಅವ್ವಾ, ಇದು ಮನೆಯಲ್ಲ, ನಿನ್ನ ಮಗ ಸುಳ್ಳು ಹೇಳಿದ, ನೀನು ಹೊರಗೆ ಸತ್ತೆ ಎನ್ನಲೇ? ಒಂದು ಸಲ ಸತ್ತದ್ದು ಸಾಲದೇ?

ಅಲ್ಲಿ ಅವಳಿಗೆ ಕೊರತೆ ಏನಿದೆ? ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ದೊಡ್ಡ ಟೀವಿ. ದಿನವೂ ಊರಿನವರು ಬರುತ್ತಾರೆ, ಕೂರುತ್ತಾರೆ, ಸೊಸೆಯರನ್ನು ಬೈಯುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ಜನ ಯಾವತ್ತು ಸೇರಿದ್ದರು?

ಇದೆಲ್ಲ ನನಗೆ ಹೇಗೆ ಗೊತ್ತೆಂದು ಕೇಳುತ್ತೀಯೆ. ರಜೆಯ ದಿನ ಹೋಗುತ್ತೇನೆ. ಬಸ್ಸಿನಲ್ಲಿ ಹೋಗಿ ಕಂಬದ ಹತ್ತಿರ ಕೂತು ಬರುತ್ತೇನೆ. ಆ ಕುರ್ಚಿಯ ಮೇಲಲ್ಲ, ಪಕ್ಕದ ಕುರ್ಚಿಯ ಮೇಲೆ. ಯಾರಾದರೂ ಅಲ್ಲಿ ಕೂತರೆ ನನಗೆ ಮೈ ಉರಿಯುತ್ತದೆ, ಎದ್ದು ಹೋಗುತ್ತೇನೆ, ಮತ್ತೆ ಬರುತ್ತೇನೆ. ಕಾವಲಿನವನು ನನ್ನನ್ನು ಜೇಬುಗಳ್ಳ ಎಂದುಕೊಂಡಿದ್ದ. ಈಗ ತಲೆಯಾಡಿಸುತ್ತಾನೆ.

ಅವಳನ್ನು ಹಾಗೇ ಇರಲು ಬಿಡು.

ಚಿಂಗ್‌ಫು

*

ನಾನ್‌ಗಾನ್
2007 ಮಾರ್ಚ್ 6

ತಮ್ಮನಿಗೆ,

ಹೊಸ ವರ್ಷ ಆಯಿತು. ದೀಪದ ರಾತ್ರಿಗಳೂ ಆದವು. ಊರಿನವರೆಲ್ಲ ದೇವರ ಮುಂದೆ ಬಟ್ಟಲು ಜೋಡಿಸಿದರು. ಹಿರಿಯರ ಪೀಠಕ್ಕೂ ಮನೆಮನೆಯಲ್ಲಿ ಬಡಿಸಿದರು. ಅವ್ವನ ಹೆಸರು ಪೀಠದಲ್ಲಿ ಇಲ್ಲವಲ್ಲ, ಅವಳ ಬಟ್ಟಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಅಲ್ಲಿ ಬೆಕ್ಕಿಗೆ ಇಡುತ್ತಿದ್ದೆವು.

ನೀನು ಬರೆದದ್ದನ್ನು ಚಳಿಗಾಲವೆಲ್ಲ ಯೋಚಿಸಿದೆ. ಅವ್ವ ಸುಖವಾಗಿದ್ದಾಳೆ ಎನ್ನುತ್ತೀಯೆ. ಹಾಗಿದ್ದರೆ ನೀನೇಕೆ ಪ್ರತಿ ರಜೆಗೂ ಹೋಗಿ ಕಾವಲು ಕೂರುತ್ತೀಯೆ? ಮನೆ ಮುಟ್ಟಿದವರಿಗೆ ಕಾವಲು ಬೇಕೇ?

ಅವಳು ಸುಮ್ಮನೆ ಕೂತಿಲ್ಲ ತಮ್ಮ. ನನಗಾಗಿ ಕಾಯುತ್ತಿದ್ದಾಳೆ. ನೀನೇ ಬರುತ್ತಾಳೆ ಎಂದಿದ್ದೀಯೆ. ವರ್ಷ ಮುಗಿಯುತ್ತಾ ಬಂತು, ಮೂದಾನ್ ಒಲೆಯ ಹತ್ತಿರದಿಂದ ಇನ್ನೂ ಬಂದಿಲ್ಲ. ಯಾವ ಮಗಳು ಹಾಗೆ ಮಾಡುತ್ತಾಳೆ? ನೀನು ಮಾತಾಡಿದರೂ ಸರಿ, ಬಿಟ್ಟರೂ ಸರಿ, ವರ್ಷದ ದಿನಕ್ಕೆ ಮುಂಚೆ ನಾನು ಹಡಗು ಹತ್ತುತ್ತೇನೆ. ವಿಮಾನವೆಂದರೆ ನನಗೆ ಭಯ, ನಿನಗೆ ಗೊತ್ತು. ಆದರೆ ಅವಳನ್ನು ಕರೆತರುವುದು ವಿಮಾನದಲ್ಲೇ. ಅವಳು ಹೊರಟದ್ದು ಹಾಗೆ, ಆ ದಾರಿಯೇ ಮುಗಿಯಬೇಕು.

ಅಕ್ಕ
ಮೂದಾನ್

*

ಬಾದೆ
2007 ಮಾರ್ಚ್ 27

ಅಕ್ಕ,

ಕೀಲುಂಗ್ ಬಂದರಿನಲ್ಲಿ ಇಳಿದು ಸೊಂಗ್‌ಶಾನ್‌ಗೆ ಬಸ್ಸು ಹಿಡಿ. ಹಾಲ್‌ನಲ್ಲಿ ಇರುತ್ತೇನೆ. ಮಾತಾಡುತ್ತೇನೆ ಎಂದು ಭಾಷೆ ಕೊಡಲಾರೆ.

ಬರುವಾಗ ರೊಟ್ಟಿ ತಾ.

ಚಿಂಗ್‌ಫು

*

ನಾನ್‌ಗಾನ್
2007 ಏಪ್ರಿಲ್ 15

ನನ್ನ ತಮ್ಮ ಚಿಂಗ್‌ಫುಗೆ,

ಫೋನಿನಲ್ಲಿ ಮುಟ್ಟಿದೆ ಎಂದಷ್ಟೇ ಹೇಳಿದೆ. ಫೋನಿಗೆಂದು ನನ್ನ ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಉಳಿದದ್ದನ್ನು ಕೂತು ಬರೆಯುತ್ತೇನೆಂದು ಆಗಲೇ ಅಂದುಕೊಂಡಿದ್ದೆ.

ಮೊದಲು ನಿಲ್ದಾಣದ ಆ ಹಾಲ್‌ನ ವಿಷಯ. ನೀನು ಅಲ್ಲಿದ್ದೆ, ಆದರೂ ಬರೆಯುತ್ತೇನೆ. ನೀನು ನೆಲ ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಕಂಬದ ಪಕ್ಕದ ಕುರ್ಚಿ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಅದರ ಮುಂದೆ ನಿಂತು, "ಅವ್ವಾ, ಒಲೆ ಆರಿಸಿ ಬಂದೆ. ತಡ ಆಯ್ತು," ಎಂದೆ. ರೊಟ್ಟಿಯ ಸರವನ್ನು ಕುರ್ಚಿಯ ಕೈಗೆ ತೂಗುಹಾಕಿದೆ. ಆಮೇಲೆ ನಿನ್ನ ಕಡೆ ತಿರುಗಿದೆ. ನೀನು ಎದ್ದು ನೀರು ಕುಡಿದು ಬಂದೆ. ಕೂತೆ. ಮತ್ತೆ ಎದ್ದೆ. ನಾನ್‌ಗಾನ್ ವಿಮಾನ ರದ್ದು ಎಂದು ಕೂಗಿದರು, ಹಾಲ್‌ನಲ್ಲಿದ್ದವರೆಲ್ಲ ನರಳಿದರು. ಆಗಲೇ ಆ ದಪ್ಪ ಹೆಂಗಸು ಚೀಲಗಳನ್ನು ಎಳೆದುಕೊಂಡು ಬಂದು ಕೂರಲು ಹೋದದ್ದು.

"ಅಲ್ಲಿ ಬೇಡ! ಅಲ್ಲಿ ಇದಾರೆ!" ಎಂದು ನೀನು ಕಿರುಚಿದೆ.

"ಯಾರಪ್ಪಾ ಇದಾರೆ? ಬರೀ ರೊಟ್ಟಿ ಇದೆ. ರೊಟ್ಟಿಗೂ ಸೀಟು ಹಿಡ್ದಿದೀಯ?" ಎಂದು ಅವಳು ಬಾಯಿ ಮಾಡಿದಳು. ಆಮೇಲೆ ನನ್ನ ಕೈಯ ನೀಲಿ ರವಿಕೆ ನೋಡಿದಳು, ಕಪ್ಪು ಛತ್ರಿ ನೋಡಿದಳು. ಚೀಲಗಳನ್ನು ಸದ್ದಿಲ್ಲದೆ ಹಿಂದಕ್ಕೆ ಎಳೆದುಕೊಂಡು ಕುರ್ಚಿಗೆ ತಲೆ ಬಾಗಿಸಿ, "ಕೂತ್ಕೊಳ್ಳಿ ಅತ್ತೆ, ಕೂತ್ಕೊಳ್ಳಿ," ಎಂದಳು. ಅವಳು ಯಾವ ಊರಿನವಳೋ ನಾನು ಕೇಳಲೂ ಇಲ್ಲ.

ಆಗ ನೀನು ಕುಕ್ಕರಗಾಲಿನಲ್ಲಿ ಕೂತೆ. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದೆ. "ಅವ್ವಾ, ಏಳು. ಇನ್ನೂ ಬಂದಿಲ್ಲ. ನಾನು ಸುಮ್ನೆ ಹೇಳಿದ್ದೆ. ಇನ್ನೊಂದ್ ಐವತ್ ನಿಮಿಷ ಇದೆ, ಅಷ್ಟೆ. ಸ್ವಲ್ಪ ಕಷ್ಟಪಡು," ಎಂದೆ. ಚಿಕ್ಕ ಮಗುವನ್ನು ಶಾಲೆಗೆ ಎಬ್ಬಿಸುವ ಹಾಗೆ. ಅಂದ ಮೇಲೆ ನಿನ್ನ ಹಣೆ ಕುರ್ಚಿಗೆ ತಾಗಿತು.

ಅವಳು ಎದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಲ್ಲಿ ಕಟ್ಟಿಗೆ ಹಾಕಿ ಕೇಳಲು ಧೈರ್ಯ ಬರಲಿಲ್ಲ. ಕೇಳದೆಯೇ ಛತ್ರಿ ಬಿಚ್ಚಿದೆ.

ಮಾರನೆಯ ದಿನ ಮಂಜು ಸ್ವಲ್ಪ ಸರಿದು ಒಂದು ವಿಮಾನ ಬಿಟ್ಟಾಗ, ನಮ್ಮ ಸರದಿಗೆ ಮುಂಚೆಯೇ ಸೀಟು ಮುಗಿದಿದ್ದವು. ಅದೇ ದಪ್ಪ ಹೆಂಗಸು ತನ್ನ ಚೀಟಿಯನ್ನು ನನ್ನ ಕೈಗೆ ತುರುಕಿದಳು. "ನೀನ್ ಹೋಗೇ. ನಂಗೆ ಮನೇಲಿ ಕಾಯ್ತಿರೋನು ಗಂಡ ಒಬ್ಬನೇ, ಅವ್ನು ಇನ್ನೆರಡು ದಿನ ಕಾದ್ರೆ ಬುದ್ಧಿ ಬರತ್ತೆ." ಸಿಕ್ಕಿದ್ದು ಒಂದೇ ಸೀಟು. ನೀನು ಗಾಜಿನ ಆಚೆ ಉಳಿದೆ. ತಿರುಗಿ ನೋಡಿದರೆ ಛತ್ರಿಯ ಕೆಳಗಿರುವವಳೂ ತಿರುಗಿಬಿಟ್ಟಾಳು ಎಂದು ನಾನು ನೋಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಇನ್ನು ನೀನು ಕಾಣದ್ದು.

ವಿಮಾನದ ಹುಡುಗಿ ಬಂದು, "ಅಮ್ಮಾ, ಛತ್ರಿ ಮಡಚಿ," ಎಂದಳು. ನಾನು, "ಆಗಲ್ಲ ಮಗಳೇ, ಒಳಗೆ ನಮ್ಮವ್ವ ಇದಾಳೆ," ಎಂದೆ. ಅವಳು ಹಿಂದೆ ನೋಡಿದಳು, ಮುಂದೆ ನೋಡಿದಳು. ಬಗ್ಗಿ ಪಿಸುಗುಟ್ಟಿದಳು: "ಅರ್ಧ ಮಡಚಿ." ಅರ್ಧ ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದಲ್ಲಿ ಬೇಗಾನ್ ದ್ವೀಪದ ಮುದುಕನೊಬ್ಬ ಕೂತಿದ್ದ. "ನಿಮ್ ನಾನ್‌ಗಾನ್‌ನೋರು ಜಾಣರು. ಸತ್ಮೇಲೂ ಟಿಕೆಟ್ ಇಲ್ದೆ ಪ್ರಯಾಣ ಮಾಡ್ತೀರಿ," ಎಂದ. ಹಾಗೆಂದವನು ಮೊಣಕಾಲನ್ನು ಒಳಕ್ಕೆ ಎಳೆದುಕೊಂಡು ಛತ್ರಿಗೆ ಜಾಗ ಬಿಟ್ಟ. ಇಳಿಯುವ ತನಕ ಹಾಗೇ ಮುದುರಿ ಕೂತಿದ್ದ.

ದಾರಿಯುದ್ದಕ್ಕೂ ಹೇಳುತ್ತಾ ಬಂದೆ. ಅವ್ವಾ, ಮೇಲೆ ಏರ್ತಿದೀವಿ. ಅವ್ವಾ, ನೆಲ ಮುಗೀತು, ಸಮುದ್ರ ಬಂತು. ಛತ್ರಿಯ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದೆ. ಐವತ್ತು ನಿಮಿಷ ಎಂದರೆ ನಾನು ಗೋಡೆಯ ಮೇಲೆ ಕಟ್ಟಿದ ದಾರವಲ್ಲ ಚಿಂಗ್‌ಫು. ಅದು ಬಹಳ ಉದ್ದ. ಆಮೇಲೆ ಇಳಿಯತೊಡಗಿತು. ಕಿಟಕಿಯೆಲ್ಲ ಬಿಳಿ. ಕೆಳಗೆ ಏನೂ ಇಲ್ಲ. ಇಳಿಯಿತು, ಇಳಿಯಿತು, ಇದ್ದಕ್ಕಿದ್ದ ಹಾಗೆ ಯಂತ್ರ ಗರ್ಜಿಸಿ ಮತ್ತೆ ಮೇಲಕ್ಕೆ ಎದ್ದಿತು. ಯಾರೋ ಅಳತೊಡಗಿದರು. ಇನ್ನೊಂದು ಸಲ ನೋಡುತ್ತೇವೆ ಎಂದರು.

ಆಗ ಅವ್ವನಿಗೆ ಏನು ಹೇಳಲಿ? ನಿನ್ನ ಮೇಲೆ ಆಣೆ, ನನ್ನ ನಾಲಗೆಯ ತುದಿಗೂ ಅದೇ ಬಂತು. ಬಂದ್ವಿ ಅವ್ವ, ಇದೇ ಮನೆ. ಬಾಯಿ ತೆರೆದೂ ಆಗಿತ್ತು. ಒಂದು ವರ್ಷ ನಿನ್ನನ್ನು ಕೇಳಿದೆನಲ್ಲ, ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಎಂದು. ಆ ಜಾಗ ಇದೇ. ಛತ್ರಿಯನ್ನು ಅಪ್ಪಿಕೊಂಡು, "ಕಾಣ್ತಿಲ್ಲ ಅವ್ವಾ. ಸುತ್ತು ಹಾಕ್ತಿದಾರೆ. ನಂಗೂ ಗೊತ್ತಿಲ್ಲ," ಎಂದಷ್ಟೇ ಹೇಳಿದೆ. ನಾನು ಹಾಗೆ ಹೇಳುವಾಗ ನನ್ನ ಅವ್ವ ಸತ್ತು ವರ್ಷವಾಗಿತ್ತು. ನೀನು ಹೇಳಬೇಕಾಗಿ ಬಂದಾಗ ನಿನ್ನ ಅವ್ವ ಇನ್ನೂ ಬದುಕಿದ್ದಳು. ಅದಕ್ಕೆ ನನ್ನಿಂದ ಆಯಿತು.

ಗಾಲಿ ದಡ್ ಎಂದಿತು. ಆದರೂ ನಾನು ಬಾಯಿ ಬಿಡಲಿಲ್ಲ. ಹೊರಗೆ ಇನ್ನೂ ಬಿಳಿ, ಯಾವ ನಿಲ್ದಾಣ ಎಂದು ಹೇಗೆ ತಿಳಿಯಬೇಕು? ಮುದುಕನನ್ನು ಕೇಳಿದೆ, "ಅಣ್ಣಾ, ಇದು ಎಲ್ಲಿ?"

"ಬೇಗಾನ್ ಅಂತೂ ಅಲ್ಲ. ಬೇಗಾನ್ ಆಗಿದ್ರೆ ಇಷ್ಟು ಕುಲುಕ್ತಿರ್ಲಿಲ್ಲ," ಎಂದ.

ಅಷ್ಟಾದರೂ ಹೇಳಲಿಲ್ಲ. ಮೆಟ್ಟಿಲು ಇಳಿದೆ. ಗಾಳಿಯಲ್ಲಿ ನಮ್ಮೂರ ಮದ್ಯದ ಗಷ್ಟಿನ ವಾಸನೆ ಇತ್ತು. ಬೇಲಿಯ ಆಚೆ ಯಿಗುವಾನ್ ಅಜ್ಜ ಕೆಮ್ಮುತ್ತಿದ್ದುದು ಕೇಳಿಸಿತು. ಆಗ ಛತ್ರಿ ಪೂರ್ತಿ ಬಿಚ್ಚಿ ಹೇಳಿದೆ, "ಬಂದ್ವಿ ಅವ್ವ."

ಮನೆಯಲ್ಲಿ ಹೊಸ್ತಿಲು ದಾಟಿಸಿ, ರವಿಕೆಯನ್ನು ಪೀಠದ ಮುಂದೆ ಮಡಚಿಟ್ಟು, ಧೂಪ ಹಚ್ಚಿ, ಕಟ್ಟಿಗೆ ಎತ್ತಿಕೊಂಡೆ. ಯಿಗುವಾನ್ ಅಜ್ಜ ಸರಿದು ನಿಂತ. "ಅವ್ವಾ, ಬಂದ್ಯಾ?" ಎಂದು ಹಾಕಿದೆ. ಒಂದು ಅಂಗಾತ, ಒಂದು ಕವುಚಿ. ಮೊದಲ ಸಲವೇ. ಅಜ್ಜ ಅಲ್ಲೇ ನೆಲಕ್ಕೆ ಕೂತುಬಿಟ್ಟ.

ಅಧಿಕ ಮಾಸದಿಂದಾಗಿ ಮುಂದೆ ಹೋಗಿದ್ದ ವರ್ಷದ ದಿನ ಮೊನ್ನೆ ಬಂತು, ಬೂದಿ ಬೆರೆಸಿದೆವು. ನಿನ್ನ ಬದಲು ಸ್ಯೂಚಿನ್‌ನ ಅಳಿಯ ಕುಂಡ ಹಿಡಿದ. ಈಗ ಅವ್ವನ ಬಟ್ಟಲು ಪೀಠದ ಮುಂದೆ ಇದೆ. ಕಿಟಕಿ ಮತ್ತೆ ಬೆಕ್ಕಿನದು.

ಒಂದು ಮಾತು ಉಳಿದಿದೆ. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಇದ್ದಾಗ, ನಿನ್ನನ್ನು ಕೇಳದೆ, ಇನ್ನೊಂದು ಪ್ರಶ್ನೆ ಹಾಕಿದೆ. "ಅವ್ವಾ, ಚಿಂಗ್‌ಫು ಹಾಗೆ ಹೇಳಿದ್ದಕ್ಕೆ ನಿಂಗೆ ಸಿಟ್ಟಾ?"

ಕಟ್ಟಿಗೆಗಳು ಮೇಜಿನ ಕಾಲಿಗೆ ತಾಗಿ ಉರುಳಿ ಒಲೆಯ ಹತ್ತಿರ ನಿಂತವು. ಬಗ್ಗಿ ನೋಡಿದೆ.

ಎರಡೂ ಅಂಗಾತ.

ನಿನ್ನ ಅಕ್ಕ
ಮೂದಾನ್